ಬೈಪೋಲಾರ್ ಜೊತೆ ಬದುಕುವವರಿಗೆ ಗುಂಪು ಚಿಕಿತ್ಸೆ: ಪದೇ ಪದೇ ಕೇಳುವ ಪ್ರಶ್ನೆಗಳು

ಗುಂಪು ಶುರುವಾಗುವ ಮೊದಲು ಬಾಗಿಲ ಹತ್ತಿರ ನಿಂತು ಕೇಳಿದವರಿದ್ದಾರೆ, ನಡುರಾತ್ರಿ ಉದ್ದುದ್ದ ಮೆಸೇಜ್ ಬರೆದವರಿದ್ದಾರೆ, ಅಣ್ಣನ ಪರವಾಗಿ, ಮಗಳ ಪರವಾಗಿ ಪತ್ರ ಹಾಕಿದವರಿದ್ದಾರೆ. ವರ್ಷಗಳಿಂದ ಇಂಥ ಗುಂಪುಗಳನ್ನು ನಡೆಸುತ್ತಾ ಬಂದ ನನಗೆ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಕೇಳಿದವರ ಮಾತಿನ ಧಾಟಿಯನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ. ಯಾರ ಗುರುತೂ ಸಿಗದಂತೆ ನೋಡಿಕೊಂಡಿದ್ದೇನೆ.

## ಹೊಸದಾಗಿ ಬರುವವರು ಕೇಳುವುದು

“ಮೂಡ್ ಎಲ್ಲರಿಗೂ ಬದಲಾಗುತ್ತಲ್ಲ? ಅದಕ್ಕೆ ಕಾಯಿಲೆ ಅಂತ ಹೆಸರಿಟ್ಟು, ಗುಂಪು ಕಟ್ಟಿ ಕೂರೋದು ಯಾಕೆ?”

ಬೆಳಿಗ್ಗೆ ಸಿಡುಕು, ಸಂಜೆ ನಗು ಎಲ್ಲರಿಗೂ ಇದ್ದದ್ದೇ. ಬೈಪೋಲಾರ್ ಎಂಬ ಮನಸ್ಸಿನ ಕಾಯಿಲೆಯಲ್ಲಿ ಏರು (ಅತಿಯಾದ ಹುಮ್ಮಸ್ಸು), ಇಳಿವು (ಖಿನ್ನತೆ) ಎರಡೂ ದಿನಗಟ್ಟಲೆ, ವಾರಗಟ್ಟಲೆ ಕೂತುಬಿಡುತ್ತವೆ. ಏರಿನ ತೀವ್ರ ರೂಪವನ್ನು ಮೇನಿಯಾ ಎಂದು ಗುರುತಿಸಲು ಲಕ್ಷಣಗಳು ಕನಿಷ್ಠ ಒಂದು ವಾರ ಇರಬೇಕು, ಇಲ್ಲವೇ ಆಸ್ಪತ್ರೆಗೆ ಸೇರಿಸುವಷ್ಟು ಜೋರಾಗಿರಬೇಕು. ಅದಕ್ಕಿಂತ ಸೌಮ್ಯವಾದ ಹೈಪೋಮೇನಿಯಾಕ್ಕೆ 4 ದಿನ, ಖಿನ್ನತೆಗೆ 2 ವಾರ. ಈ ದಿನಗಳಲ್ಲಿ ನಿದ್ದೆ, ಮಾತಿನ ವೇಗ, ಖರ್ಚು, ಧೈರ್ಯ, ಹಸಿವು, ತೀರ್ಮಾನ ಮಾಡುವ ಶಕ್ತಿ ಎಲ್ಲವೂ ಒಟ್ಟಿಗೇ ಅಲುಗುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ 2019ರ ಅಂದಾಜಿನಂತೆ ಜಗತ್ತಿನಲ್ಲಿ ಸುಮಾರು 4 ಕೋಟಿ ಜನ ಇದರೊಂದಿಗೆ ಬದುಕುತ್ತಿದ್ದಾರೆ.

ಗುಂಪು ಯಾಕೆ ಎಂಬುದಕ್ಕೆ ಈ ಕಾಯಿಲೆಯ ಒಂದು ಸ್ವಭಾವವೇ ಕಾರಣ. ಜ್ವರ ಬಂದವರಿಗೆ ಜ್ವರ ಬಂದಿದೆ ಎಂದು ಗೊತ್ತಾಗುತ್ತದೆ. ಏರು ಬಂದವರಿಗೆ ಮಾತ್ರ “ನಾನೀಗ ಸರಿಯಾದೆ, ಇಷ್ಟು ದಿನ ಮಂಕಾಗಿದ್ದೆ” ಎನ್ನಿಸುತ್ತದೆ. ತನ್ನನ್ನು ತಾನು ನೋಡಿಕೊಳ್ಳುವ ಕಣ್ಣಿಗೇ ಪೊರೆ ಬಂದಾಗ, ಅದೇ ದಾರಿಯಲ್ಲಿ ನಡೆದು ಬಂದ ಬೇರೆಯವರ ಕಣ್ಣು ಬೇಕಾಗುತ್ತದೆ.

“ಗುಂಪಿಗೆ ಬಂದ್ರೆ ಮಾತ್ರೆ ಬಿಡಬಹುದಾ?”

ಬಿಡಬಾರದು. ಇದನ್ನು ಸುತ್ತಿ ಬಳಸಿ ಹೇಳುವುದರಲ್ಲಿ ಅರ್ಥವಿಲ್ಲ. ಈ ಕಾಯಿಲೆಗೆ ಗುಂಪು ಚಿಕಿತ್ಸೆ ಉಪಯೋಗವಾಗಿದೆ ಎಂದು ತೋರಿಸಿದ ಮುಖ್ಯ ಅಧ್ಯಯನಗಳಲ್ಲಿ ಭಾಗವಹಿಸಿದವರು ಮಾತ್ರೆಯನ್ನೂ ತೆಗೆದುಕೊಳ್ಳುತ್ತಿದ್ದರು. 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಮೇನಿಯಾಕ್ಕೆ ಲಿಥಿಯಂ ಉಪಯುಕ್ತ ಎಂದು ವರದಿ ಮಾಡಿದರು. ಇವತ್ತಿಗೂ ಅದು ಮುಖ್ಯ ಔಷಧಿಗಳಲ್ಲಿ ಒಂದು. ಲಿಥಿಯಂ ದಿಢೀರನೆ ನಿಲ್ಲಿಸಿದರೆ ಮೇನಿಯಾ ಬೇಗ ಮರುಕಳಿಸುವ ಅಪಾಯವಿದೆ.

ಗುಂಪು ಮಾಡುವುದು ಬೇರೆ ಕೆಲಸ. ಮಾತ್ರೆ ಯಾಕೆ ಬೇಸರ ತರಿಸುತ್ತದೆ ಎಂದು ಅಲ್ಲಿ ಬಾಯಿ ಬಿಟ್ಟು ಹೇಳಬಹುದು. ಕೈ ನಡುಕ, ತೂಕ, ಬಾಯಾರಿಕೆ, ಮಂಕು, “ಜೀವನಪೂರ್ತಿ ಇದೇನಾ” ಎಂಬ ಸಂಕಟ. ಡಾಕ್ಟರ ಮುಂದೆ ಹೇಳಲು ಹಿಂಜರಿದ ಮಾತು ಇಲ್ಲಿ ಹೊರಗೆ ಬರುತ್ತದೆ. ಆಮೇಲೆ ಅದನ್ನು ಡಾಕ್ಟರ ಹತ್ತಿರ ಹೇಗೆ ಹೇಳಬೇಕು ಎಂಬ ಧೈರ್ಯವೂ ಬರುತ್ತದೆ. ಲಿಥಿಯಂ ತೆಗೆದುಕೊಳ್ಳುವವರು ವಾಂತಿ ಭೇದಿಯಾದಾಗ, ತುಂಬ ಬೆವರಿ ನೀರು ಕಳೆದುಕೊಂಡಾಗ, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ನುಂಗುವಾಗ ರಕ್ತದಲ್ಲಿ ಲಿಥಿಯಂ ಮಟ್ಟ ಏರಬಹುದು. ಇಂಥ ಸಂಗತಿಗಳು ಎಷ್ಟೋ ಜನರಿಗೆ ಮೊದಲ ಸಲ ಗೊತ್ತಾಗುವುದು ಗುಂಪಿನಲ್ಲೇ.

“ನನ್ನ ಕಷ್ಟವೇ ನನಗೆ ಹೊರೆ. ಹತ್ತು ಜನರ ಕಷ್ಟ ಕೇಳಿ ಇನ್ನಷ್ಟು ಕುಗ್ಗಿ ಹೋಗಲ್ವಾ?”

ಮೊದಲ ಒಂದೆರಡು ವಾರ ಮನಸ್ಸು ಭಾರವಾಗುವುದುಂಟು. ಆದರೆ ನಾನು ಹೆಚ್ಚು ಸಲ ನೋಡಿದ್ದು ಬೇರೆಯದನ್ನೇ. ಯಾರೋ ಒಬ್ಬರು ತಲೆ ತಗ್ಗಿಸಿಕೊಂಡು, ಏರಿನ ದಿನಗಳಲ್ಲಿ ಮಾಡಿದ ಸಾಲದ ಬಗ್ಗೆ ಹೇಳಲು ಶುರು ಮಾಡುತ್ತಾರೆ. ಎದುರಿನ ಮೂರು ಜನ “ಹೌದು” ಎಂದು ತಲೆ ಆಡಿಸುತ್ತಾರೆ. ಹೇಳುತ್ತಿದ್ದವರ ಭುಜ ಅಲ್ಲೇ ಸಡಿಲವಾಗುತ್ತದೆ. ತನ್ನ ಗುಣವೇ ಕೆಟ್ಟದ್ದು ಎಂದು ವರ್ಷಗಟ್ಟಲೆ ನಂಬಿಕೊಂಡವರಿಗೆ, ಅದು ಕಾಯಿಲೆಯ ಲಕ್ಷಣವಾಗಿತ್ತು ಎಂದು ಪುಸ್ತಕ ಹೇಳಿದರೆ ಅಷ್ಟಾಗಿ ನಾಟುವುದಿಲ್ಲ. ಪಕ್ಕದ ಕುರ್ಚಿಯವರು ಹೇಳಿದರೆ ನಾಟುತ್ತದೆ.

“ನಾನು ಅಲ್ಲಿಗೆ ಹೋಗೋದು ಆಫೀಸಲ್ಲಿ ಗೊತ್ತಾದ್ರೆ?”

ಇಲ್ಲಿ ಕೇಳಿದ್ದು ಇಲ್ಲೇ ಉಳಿಯಬೇಕು ಎಂಬುದು ಮೊದಲ ದಿನವೇ ಎಲ್ಲರೂ ಒಪ್ಪುವ ನಿಯಮ. ಚಿಕಿತ್ಸಕರಿಗೆ ಇದು ವೃತ್ತಿಧರ್ಮ. ಗುಂಪಿನ ಸದಸ್ಯರಿಗೆ ಮಾತು ಕೊಟ್ಟ ಕಟ್ಟುಪಾಡು. ಎರಡೂ ಒಂದೇ ತೂಕದ್ದಲ್ಲ ಎಂಬುದನ್ನು ನಾನು ಮುಚ್ಚಿಡುವುದಿಲ್ಲ. ಆದ್ದರಿಂದ ಪೂರ್ತಿ ಹೆಸರು, ಕೆಲಸದ ಜಾಗ ಹೇಳಲೇಬೇಕಿಲ್ಲ. ನಂಬಿಕೆ ಬೆಳೆದಷ್ಟೇ ಹೇಳಿ. ಗೌಪ್ಯತೆಗೆ ಒಂದು ಮಿತಿಯೂ ಇದೆ: ನಿಮ್ಮ ಜೀವಕ್ಕೋ ಇನ್ನೊಬ್ಬರ ಜೀವಕ್ಕೋ ಅಪಾಯವಿದೆ ಎನ್ನಿಸಿದರೆ ಚಿಕಿತ್ಸಕರು ಸುಮ್ಮನಿರಲಾರರು. ಆ ಮಿತಿ ಯಾವುದು ಎಂದು ಸೇರುವಾಗಲೇ ಕೇಳಿ ತಿಳಿದುಕೊಳ್ಳಿ.

“ಮಾತಾಡಲೇಬೇಕಾ? ನಂಗೆ ನಾಲ್ಕು ಜನರ ಮುಂದೆ ಬಾಯೇ ಬರಲ್ಲ.”

ಸುಮ್ಮನೆ ಕೂರಬಹುದು. ಆರು ವಾರ ಬರೀ ಕೇಳಿಸಿಕೊಂಡು ಏಳನೆಯ ವಾರ ಒಂದೇ ವಾಕ್ಯ ಹೇಳಿದವರಿದ್ದಾರೆ. ಆ ವಾಕ್ಯ ಇಡೀ ಗುಂಪಿಗೆ ನೆನಪಿದೆ.

## ಒಳಗೆ ನಡೆಯುವುದು

“ಸುಮ್ಮನೆ ಕೂತು ಹರಟೋದಾ, ಇಲ್ಲ ಏನಾದ್ರೂ ಪಾಠ ಇರುತ್ತಾ?”

ಎರಡು ಬಗೆಯೂ ಇವೆ. ಒಂದು, ಕಾಯಿಲೆ ಇರುವವರೇ ಸೇರಿ ನಡೆಸುವ ಸ್ವಸಹಾಯ ಗುಂಪು. ಅಲ್ಲಿ ಅನುಭವ ಹಂಚಿಕೊಳ್ಳುವುದೇ ಮುಖ್ಯ. ಇನ್ನೊಂದು, ತರಬೇತಿ ಪಡೆದ ಚಿಕಿತ್ಸಕರು ನಡೆಸುವ ಗುಂಪು. ಅದಕ್ಕೆ ಶುರು, ಕೊನೆ, ವಾರಕ್ಕೊಂದು ವಿಷಯ ಇರುತ್ತದೆ. ಬೈಪೋಲಾರ್‌ಗೆ ಹೆಚ್ಚು ಪರೀಕ್ಷೆಗೊಳಗಾದದ್ದು ಈ ಎರಡನೆಯದರಲ್ಲಿ ಬರುವ ಮನೋಶಿಕ್ಷಣ ಗುಂಪು. ಕಾಯಿಲೆಯನ್ನು ಅದರ ಜೊತೆ ಬದುಕುವವರಿಗೇ ಚೆನ್ನಾಗಿ ಕಲಿಸುವುದು ಅದರ ಕೆಲಸ.

ಬಾರ್ಸಿಲೋನಾದಲ್ಲಿ ಫ್ರಾನ್ಸೆಸ್ಕ್ ಕೊಲೊಮ್, ಎಡ್ವರ್ಡ್ ವಿಯೆಟಾ ಮತ್ತು ಅವರ ಸಂಗಡಿಗರು ರೂಪಿಸಿದ ಕ್ರಮದಲ್ಲಿ 8ರಿಂದ 12 ಜನ, ತಲಾ 90 ನಿಮಿಷದ 21 ಸೆಷನ್. ಕಾಯಿಲೆಯ ತಿಳಿವಳಿಕೆ, ಮಾತ್ರೆಯನ್ನು ತಪ್ಪದೆ ತೆಗೆದುಕೊಳ್ಳುವುದು, ಮದ್ಯ ಮತ್ತು ಮಾದಕ ವಸ್ತುಗಳಿಂದ ದೂರ ಇರುವುದು, ಮುನ್ಸೂಚನೆಗಳನ್ನು ಗುರುತಿಸುವುದು, ದಿನಚರಿಯನ್ನು ಹದದಲ್ಲಿಡುವುದು, ಹೀಗೆ ವಿಷಯ ಮುಂದುವರಿಯುತ್ತದೆ. 2003ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಸ್ಥಿರವಾಗಿದ್ದ 120 ಜನ ಇದ್ದರು. ಅರ್ಧದಷ್ಟು ಜನ ಈ ಪಾಠದ ಗುಂಪಿಗೆ, ಉಳಿದವರು ಅಷ್ಟೇ ಸಲ ಸೇರಿದರೂ ಪಾಠವಿಲ್ಲದ ಗುಂಪಿಗೆ. ಎರಡು ವರ್ಷ ಕಳೆದಾಗ ಪಾಠವಿಲ್ಲದ ಗುಂಪಿನಲ್ಲಿ ಶೇ. 92 ಜನರಿಗೆ ಕಾಯಿಲೆ ಮರುಕಳಿಸಿತ್ತು, ಪಾಠದ ಗುಂಪಿನಲ್ಲಿ ಶೇ. 67. ಎರಡನೆಯ ಸಂಖ್ಯೆಯೂ ಸಣ್ಣದಲ್ಲ, ನಿಜ. ಈ ಕಾಯಿಲೆಯ ಪಟ್ಟು ಎಂಥದ್ದು ಎಂಬುದೂ ಅದರಲ್ಲಿ ಕಾಣುತ್ತದೆ, ಕಲಿತದ್ದರಿಂದ ಎಷ್ಟು ಮಂದಿ ಉಳಿದುಕೊಂಡರು ಎಂಬುದೂ ಕಾಣುತ್ತದೆ.

ನಮ್ಮಲ್ಲಿ ಮೊದಲು ಒಂದು ಸುತ್ತು: ಈ ವಾರ ಹೇಗಿತ್ತು, ಎಷ್ಟು ತಾಸು ನಿದ್ದೆ. ಆಮೇಲೆ ಅರ್ಧ ತಾಸು ಆ ದಿನದ ವಿಷಯ. ಉಳಿದದ್ದೆಲ್ಲ ಮಾತುಕತೆ. ನಿಜವಾದ ಕಲಿಕೆ ಆ ಮಾತುಕತೆಯಲ್ಲೇ ಆಗುತ್ತದೆ ಎಂದು ನನ್ನ ಅನಿಸಿಕೆ.

“ಮುನ್ಸೂಚನೆ ಮುನ್ಸೂಚನೆ ಅಂತೀರಿ. ನಂಗಂತೂ ಎಲ್ಲಾ ಇದ್ದಕ್ಕಿದ್ದ ಹಾಗೆ ಆಗುತ್ತೆ.”

ಹೀಗೆ ಹೇಳದವರೇ ಇಲ್ಲ. ಹಿಂದಕ್ಕೆ ಹೋಗಿ ದಿನದಿನವನ್ನು ಬಿಡಿಸಿ ನೋಡಿದಾಗ ಮಾತ್ರ ದಾರಿ ಕಾಣತೊಡಗುತ್ತದೆ. ಅದಕ್ಕೇ ಇದಕ್ಕೆ ನಾವು ಮೂರು, ನಾಲ್ಕು ವಾರ ಕೊಡುತ್ತೇವೆ.

ಪುಸ್ತಕದ ಪಟ್ಟಿಯಲ್ಲಿ ಇರುವುದು ಎಲ್ಲರಿಗೂ ಹೊಂದುವ ಮಾತು: ನಿದ್ದೆ ಕಡಿಮೆ, ಮಾತು ಜಾಸ್ತಿ, ಖರ್ಚು ಜಾಸ್ತಿ. ನಮಗೆ ಬೇಕಾದದ್ದು ನಿಮ್ಮೊಬ್ಬರದೇ ಆದ ಸಣ್ಣ ಗುರುತು. ಒಬ್ಬರಿಗೆ ನಡುರಾತ್ರಿ ಕಪಾಟಿನ ಬಟ್ಟೆಗಳನ್ನೆಲ್ಲ ಹೊರಗೆಳೆದು ಜೋಡಿಸುವ ಹುಮ್ಮಸ್ಸು. ಇನ್ನೊಬ್ಬರಿಗೆ ಹತ್ತು ವರ್ಷ ಮಾತು ಬಿಟ್ಟವರಿಗೆಲ್ಲ ಫೋನ್ ಮಾಡಬೇಕೆನ್ನಿಸುವುದು. ಮತ್ತೊಬ್ಬರಿಗೆ ಬಣ್ಣಗಳು ಹೆಚ್ಚು ಹೊಳೆಯುತ್ತಿವೆ ಎನ್ನಿಸುವುದು. ಇಳಿವಿನ ಕಡೆಗೂ ಹೀಗೆಯೇ: ಕರೆ ಬಂದರೆ ಫೋನನ್ನು ಬೋರಲು ಹಾಕುವುದು, ಕಿಟಕಿ ಪರದೆ ಸರಿಸದೆ ಬಿಡುವುದು, ಸ್ನಾನವನ್ನು ನಾಳೆಗೆ ನಾಳೆಗೆ ಮುಂದೂಡುವುದು. ಒಬ್ಬರು ತಮ್ಮದನ್ನು ಹೇಳಿದ ಕೂಡಲೇ ಇನ್ನೊಬ್ಬರಿಗೆ “ಅರೆ, ನನಗೂ ಇಂಥದ್ದೇ ಒಂದಿದೆ” ಎಂದು ಹೊಳೆಯುತ್ತದೆ. ಒಬ್ಬಂಟಿ ಕೋಣೆಯಲ್ಲಿ ಚಿಕಿತ್ಸಕರ ಜೊತೆ ಕೂತಾಗ ಇದು ಇಷ್ಟು ಬೇಗ ಹೊರಗೆ ಬರುವುದನ್ನು ನಾನು ನೋಡಿಲ್ಲ.

ಸಿಕ್ಕ ಗುರುತುಗಳನ್ನು ಒಂದು ಹಾಳೆಯಲ್ಲಿ ಬರೆಯುತ್ತೇವೆ. ಪಕ್ಕದಲ್ಲಿ, ಇದು ಕಂಡರೆ ಏನು ಮಾಡಬೇಕು ಎಂದು. ಯಾರಿಗೆ ಫೋನ್, ಯಾವಾಗ ಡಾಕ್ಟರ ಭೇಟಿ, ಬ್ಯಾಂಕ್ ಕಾರ್ಡು ಯಾರ ಕೈಯಲ್ಲಿ, ಯಾವ ತೀರ್ಮಾನಗಳನ್ನು ಎರಡು ವಾರ ಮುಂದಕ್ಕೆ ಹಾಕಬೇಕು. ಇದೆಲ್ಲ ಚೆನ್ನಾಗಿರುವಾಗ ನಿಮ್ಮ ಕೈಯಾರೆ ಬರೆದದ್ದಾಗಿರಬೇಕು. ಏರಿನಲ್ಲಿರುವಾಗ ಬೇರೆಯವರ ಬುದ್ಧಿಮಾತು ಶತ್ರುವಿನ ಮಾತಿನಂತೆ ಕೇಳುತ್ತದೆ. ತನ್ನದೇ ಅಕ್ಷರವನ್ನು ತಳ್ಳಿಹಾಕುವುದು ಸ್ವಲ್ಪ ಕಷ್ಟ.

“ದಿನಾ ಮೂಡ್ ಬರೆದಿಡೋದು ಯಾಕೆ? ಅದರ ಬಗ್ಗೇನೇ ಯೋಚಿಸ್ತಾ ಕೂರೋ ಹಾಗಾಗುತ್ತೆ.”

ಬರೆಯುವುದಕ್ಕೆ ಎರಡು ನಿಮಿಷ ಸಾಕು. ನಡುವೆ ಸೊನ್ನೆ, ಮೇಲೆ ಮೂರು ಮೆಟ್ಟಿಲು, ಕೆಳಗೆ ಮೂರು ಮೆಟ್ಟಿಲು, ಪಕ್ಕದಲ್ಲಿ ನಿದ್ದೆಯ ತಾಸು ಮತ್ತು ಮಾತ್ರೆಗೊಂದು ಟಿಕ್. ಅದಕ್ಕಿಂತ ಹೆಚ್ಚು ಬೇಡ. ತಿಂಗಳ ಕೊನೆಗೆ ಡಾಕ್ಟರು “ಹೇಗಿದ್ದೀರಿ” ಎಂದರೆ ನಮಗೆ ನೆನಪಿರುವುದು ಹಿಂದಿನ ಮೂರು ದಿನ ಮಾತ್ರ. ಹಾಳೆಗೆ ಇಡೀ ತಿಂಗಳು ನೆನಪಿರುತ್ತದೆ. ಬರೆಯುವುದೇ ಆತಂಕ ತರುತ್ತಿದ್ದರೆ ನಿದ್ದೆಯನ್ನಷ್ಟೇ ಬರೆಯಿರಿ.

“ನಿದ್ದೆ ಬಗ್ಗೆ ಇಷ್ಟು ಯಾಕೆ ಪೀಡಿಸ್ತೀರಿ?”

ನಿದ್ದೆಗೆಡುವುದು ಏರಿನ ಲಕ್ಷಣವೂ ಹೌದು, ಏರಿಗೆ ಕಾರಣವೂ ಹೌದು. ಒಂದು ರಾತ್ರಿ ಪೂರ್ತಿ ಎಚ್ಚರವಿದ್ದರೂ ಕೆಲವರಿಗೆ ಮೇನಿಯಾ ಶುರುವಾಗುತ್ತದೆ. ರಾತ್ರಿ ಪಾಳಿ, ದೂರ ಪ್ರಯಾಣ, ಪರೀಕ್ಷೆ, ಹೆರಿಗೆಯ ನಂತರದ ವಾರಗಳು ಈ ಕಾರಣಕ್ಕೇ ಅಪಾಯದ ಹೊತ್ತು. ಹೆರಿಗೆಯ ನಂತರ ಕಾಯಿಲೆ ತೀವ್ರವಾಗಿ ಮರುಕಳಿಸುವ ಸಂಭವ ಬಹಳ ಹೆಚ್ಚು. ಮಗು ಬೇಕೆಂದು ಯೋಚಿಸುವಾಗಲೇ ಡಾಕ್ಟರ ಜೊತೆ ಕೂತು ಮಾತಾಡಬೇಕು. ಈ ಕಾಯಿಲೆಗೆ ಕೊಡುವ ವ್ಯಾಲ್ಪ್ರೊಯೇಟ್‌ನಂಥ ಮಾತ್ರೆ ಹೊಟ್ಟೆಯಲ್ಲಿರುವ ಕೂಸಿಗೆ ಹಾನಿ ಮಾಡಬಹುದಾದ್ದರಿಂದ ಈ ಮಾತುಕತೆ ಮೊದಲೇ ಆಗಬೇಕು.

ಏಳುವ, ಮಲಗುವ, ಉಣ್ಣುವ, ಜನರನ್ನು ಭೇಟಿಯಾಗುವ ಹೊತ್ತನ್ನು ಒಂದೇ ತಾಳದಲ್ಲಿಡುವುದನ್ನೇ ಚಿಕಿತ್ಸೆಯಾಗಿ ಬೆಳೆಸಿದವರು ಅಮೆರಿಕದ ಪಿಟ್ಸ್‌ಬರ್ಗ್‌ನ ಎಲೆನ್ ಫ್ರ್ಯಾಂಕ್. ಗುಂಪಿನಲ್ಲಿ ನಾವು ಅದರಿಂದ ಎರವಲು ಪಡೆಯುವುದು ಒಂದೇ ಸರಳ ಮಾತನ್ನು: ಮಲಗುವ ಹೊತ್ತು ತಪ್ಪಿದರೂ ಏಳುವ ಹೊತ್ತು ತಪ್ಪಿಸಬೇಡಿ.

“ಏರಿದ್ದಾಗ ನಾನು ತುಂಬಾ ಚೆನ್ನಾಗಿರ್ತೀನಿ, ಕೆಲಸ ಚಕಚಕ ಆಗುತ್ತೆ. ಅದನ್ನ ಯಾಕೆ ಬಿಟ್ಟುಕೊಡಬೇಕು?”

ಈ ಪ್ರಶ್ನೆ ಕೇಳಿದವರ ಮೇಲೆ ನನಗೆ ಗೌರವವಿದೆ. ಎಲ್ಲರ ಮನಸ್ಸಿನಲ್ಲಿರುವುದನ್ನು ಅವರು ಬಾಯಿಬಿಟ್ಟು ಕೇಳುತ್ತಾರೆ. ಹೈಪೋಮೇನಿಯಾದ ಮೊದಲ ದಿನಗಳು ನಿಜಕ್ಕೂ ಸುಖವಾಗಿರಬಹುದು. ಚಿಕಿತ್ಸೆ ಶುರುವಾದ ಮೇಲೆ ಅದನ್ನು ಕಳೆದುಕೊಂಡ ದುಃಖವೂ ನಿಜವೇ. ಅದನ್ನು ದುಃಖ ಎಂದೇ ಒಪ್ಪಿಕೊಳ್ಳಬೇಕು. “ಅದೆಲ್ಲ ಕಾಯಿಲೆ ಬಿಡಿ” ಎಂದು ತಳ್ಳಿಹಾಕಿದರೆ ಆ ಮನುಷ್ಯ ಮುಂದಿನ ವಾರ ಬರುವುದಿಲ್ಲ.

ಗುಂಪಿನಲ್ಲಿ ನಾವು ಕೇಳುವುದಿಷ್ಟೇ: ಆ ಸುಖದ ವಾರ ಮುಗಿದ ಮೇಲೆ ಏನಾಯಿತು, ಮುಂದಿನ ಆರು ತಿಂಗಳು ಹೇಗೆ ಹೋಯಿತು? ಬೈಪೋಲಾರ್ ಇರುವ ಹೆಚ್ಚಿನವರ ಬದುಕಿನಲ್ಲಿ ಏರಿನ ದಿನಗಳಿಗಿಂತ ಖಿನ್ನತೆಯ ದಿನಗಳೇ ಜಾಸ್ತಿ. ಲೆಕ್ಕವನ್ನು ಅವರೇ ಹಾಕಲಿ. ಬೇರೆಯವರು ತಮ್ಮ ಲೆಕ್ಕವನ್ನು ಮುಂದಿಟ್ಟಾಗ ತಮ್ಮದನ್ನೂ ಪ್ರಾಮಾಣಿಕವಾಗಿ ಹಾಕುತ್ತಾರೆ.

## ತೊಡಕಿನ ಪ್ರಶ್ನೆಗಳು

“ಈಗ ಹಾಸಿಗೆ ಬಿಟ್ಟು ಏಳೋಕೂ ಆಗ್ತಿಲ್ಲ. ಈಗಲೇ ಸೇರಬಹುದಾ?”

ಪಾಠದ ಗುಂಪಿಗೆ ಸೇರಲು ಸ್ಥಿರವಾಗಿರುವ ಹೊತ್ತೇ ಒಳ್ಳೆಯದು. ತೀವ್ರ ಮೇನಿಯಾದಲ್ಲಿ ಒಂದೂವರೆ ತಾಸು ಕೂತು ಕೇಳುವುದು ಸಾಧ್ಯವಾಗುವುದಿಲ್ಲ. ತೀವ್ರ ಖಿನ್ನತೆಯಲ್ಲಿ ಕೇಳಿದ್ದೆಲ್ಲ “ನನ್ನಿಂದಾಗದು” ಎಂಬುದಕ್ಕೆ ಸಾಕ್ಷಿಯಾಗಿಬಿಡುತ್ತದೆ. ಈಗ ಡಾಕ್ಟರ ಚಿಕಿತ್ಸೆ, ಆಮೇಲೆ ಗುಂಪು. ಆದರೆ ಹೆಸರನ್ನು ಇವತ್ತೇ ಕೊಟ್ಟಿರಿ. ಸೌಮ್ಯ ಖಿನ್ನತೆ ಉಳಿದಿದೆ ಎನ್ನುವವರನ್ನು ಹಲವು ಗುಂಪುಗಳು ಸೇರಿಸಿಕೊಳ್ಳುತ್ತವೆ. ಅದನ್ನು ಚಿಕಿತ್ಸಕರು ನಿಮ್ಮ ಜೊತೆ ಮಾತಾಡಿ ತೀರ್ಮಾನಿಸುತ್ತಾರೆ.

“ಗುಂಪಿನಲ್ಲೇ ಯಾರಿಗಾದ್ರೂ ಮೇನಿಯಾ ಶುರುವಾದ್ರೆ ಏನ್ ಮಾಡ್ತೀರಿ?”

ಆಗುತ್ತದೆ. ಮಾತು ನಿಲ್ಲುವುದಿಲ್ಲ, ಬೇರೆಯವರಿಗೆ ಸರದಿ ಸಿಗುವುದಿಲ್ಲ, ಕೋಣೆಯ ಗಾಳಿಯೇ ಬದಲಾಗುತ್ತದೆ. ಇಬ್ಬರು ಚಿಕಿತ್ಸಕರಿದ್ದರೆ ಒಬ್ಬರು ಅವರನ್ನು ಹೊರಗೆ ಕರೆದುಕೊಂಡು ಹೋಗಿ ಮಾತಾಡುತ್ತಾರೆ, ಡಾಕ್ಟರಿಗೂ ಮನೆಯವರಿಗೂ ಮೊದಲೇ ಒಪ್ಪಿಕೊಂಡಂತೆ ತಿಳಿಸುತ್ತಾರೆ. ಕೆಲವು ವಾರ ಅವರು ಬರದೆ ಇರಬಹುದು, ಅವರ ಕುರ್ಚಿ ಅವರಿಗೇ ಇರುತ್ತದೆ. ಅವರು ಮರಳಿ ಬಂದ ದಿನ ನಾಚಿಕೆಯಿಂದ ಬಾಗಿಲಲ್ಲೇ ನಿಲ್ಲುತ್ತಾರೆ. ಆ ದಿನ ಗುಂಪು ಅವರನ್ನು ಒಳಗೆ ಕರೆದುಕೊಳ್ಳುವ ರೀತಿಯಿದೆಯಲ್ಲ, ಅದಕ್ಕಾಗಿ ನಾನು ಈ ಕೆಲಸದಲ್ಲಿದ್ದೇನೆ.

“ಸಾಯಬೇಕು ಅನ್ನಿಸುತ್ತೆ ಅಂತ ಅಲ್ಲಿ ಹೇಳಬಹುದಾ?”

ಹೇಳಬೇಕು. ಈ ಕಾಯಿಲೆಯಲ್ಲಿ ಆತ್ಮಹತ್ಯೆಯ ಅಪಾಯ ಉಳಿದವರಿಗಿಂತ ಬಹಳ ಹೆಚ್ಚು. ಆದ್ದರಿಂದ ಇದು ಮುಚ್ಚಿಡುವ ವಿಷಯವಲ್ಲ. ಹಾಗೆ ಅನ್ನಿಸಿದೆಯಾ ಎಂದು ಕೇಳಿದ ಮಾತ್ರಕ್ಕೆ ಯಾರ ತಲೆಯಲ್ಲೂ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ. ಹೇಳಿದವರ ಜೊತೆ ಸೆಷನ್ ಮುಗಿದ ಮೇಲೆ ಒಬ್ಬರು ಉಳಿಯುತ್ತಾರೆ, ಆ ರಾತ್ರಿ ಯಾರು ಜೊತೆಗಿರುತ್ತಾರೆ ಎಂದು ಗೊತ್ತು ಮಾಡಿಕೊಂಡೇ ಕಳಿಸುತ್ತಾರೆ. ಮುಂದಿನ ವಾರದ ಗುಂಪಿಗಾಗಿ ಮಾತ್ರ ಕಾಯಬೇಡಿ. ಇವತ್ತೇ ಹಾಗೆ ಅನ್ನಿಸುತ್ತಿದ್ದರೆ ಈಗಲೇ ಹತ್ತಿರದವರೊಬ್ಬರಿಗೆ ಹೇಳಿ, ತುರ್ತು ಚಿಕಿತ್ಸೆ ಸಿಗುವ ಆಸ್ಪತ್ರೆಗೆ ಅವರ ಜೊತೆ ಹೋಗಿ, ಅಥವಾ ನಿಮ್ಮಲ್ಲಿನ ತುರ್ತು ಸಹಾಯವಾಣಿಗೆ ಕರೆ ಮಾಡಿ.

“ನನ್ನ ತಮ್ಮನ ಬದಲು ನಾನೇ ಬಂದು ಕೂರಬಹುದಾ? ಅವನು ಬರಲ್ಲ ಅಂತಾನೆ.”

ಅವರ ಗುಂಪಿನಲ್ಲಿ ಬೇಡ, ಅದು ಅವರ ಜಾಗ. ಮನೆಯವರಿಗೆಂದೇ ಬೇರೆ ಗುಂಪುಗಳಿವೆ. ಸ್ಪೇನ್‌ನಲ್ಲಿ 2008ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ನೋಡಿಕೊಳ್ಳುವವರು ಮಾತ್ರ 12 ಸೆಷನ್‌ಗೆ ಬಂದಿದ್ದರು, ಕಾಯಿಲೆಯಿದ್ದವರು ಬಂದೇ ಇರಲಿಲ್ಲ. ಆದರೂ ಅವರ ಮನೆಯ ರೋಗಿಗಳಲ್ಲಿ ಕಾಯಿಲೆ, ಅದರಲ್ಲೂ ಏರಿನ ಕಂತುಗಳು, ಮರುಕಳಿಸುವುದು ಕಡಿಮೆಯಾಗಿತ್ತು. ತಮ್ಮ ಒಪ್ಪುವವರೆಗೆ ನೀವು ಕೈಕಟ್ಟಿ ಕೂರಬೇಕಿಲ್ಲ.

ಮನೆಯಲ್ಲಿ ಸದಾ ದೂಷಣೆ, ಹಗೆಯ ಮಾತು ಇದ್ದರೆ ಕಾಯಿಲೆ ಬೇಗ ಮರುಕಳಿಸುತ್ತದೆ. ಅತಿಯಾದ ಕಾವಲೂ ಉಸಿರುಗಟ್ಟಿಸುತ್ತದೆ. ಜೋರಾಗಿ ನಕ್ಕರೆ “ಮಾತ್ರೆ ತಗೊಂಡ್ಯಾ?” ಎಂದು ಕೇಳಿಸಿಕೊಳ್ಳುವುದರಷ್ಟು ನೋವಿನದು ಬೇರೊಂದಿಲ್ಲ ಎಂದು ಎಷ್ಟೋ ಜನ ನನ್ನೆದುರು ಹೇಳಿದ್ದಾರೆ. ಸಂತೋಷಪಡುವ ಹಕ್ಕನ್ನು ಅವರಿಗೆ ಬಿಟ್ಟುಕೊಡಿ. ಕಾಯಿಲೆಯ ಗುರುತು ಯಾವುದೆಂದು ಅವರೇ ಬರೆದುಕೊಟ್ಟಿದ್ದರೆ, ಅದನ್ನು ಕಂಡಾಗ ಮಾತ್ರ ಬಾಯಿ ತೆರೆಯಿರಿ.

“ನಂಗೆ ಹದಿನೈದು ವರ್ಷದಿಂದ ಇದೆ, ಎಷ್ಟು ಸಲ ಬಂತೋ ಲೆಕ್ಕ ಇಲ್ಲ. ಇಷ್ಟು ತಡವಾಗಿ ಕಲಿತು ಏನು ಮಾಡಲಿ?”

ಬೇಗ ಕಲಿತವರಿಗೆ ಲಾಭ ಹೆಚ್ಚು ಎಂಬುದು ನಿಜ. ಇಂಗ್ಲೆಂಡ್‌ನಲ್ಲಿ 304 ಜನರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನವು 21 ಸೆಷನ್‌ಗಳ ಪಾಠದ ಗುಂಪನ್ನು ಅಷ್ಟೇ ಸಲ ಸೇರುವ ಅನುಭವ ಹಂಚಿಕೆಯ ಗುಂಪಿಗೆ ಹೋಲಿಸಿತು. ಒಟ್ಟಾರೆ ನೋಡಿದಾಗ ಎರಡರ ನಡುವೆ ಸ್ಪಷ್ಟ ಅಂತರ ಕಾಣಲಿಲ್ಲ. ಆದರೆ ಅದುವರೆಗೆ 7 ಅಥವಾ ಅದಕ್ಕಿಂತ ಕಡಿಮೆ ಸಲ ಕಾಯಿಲೆ ಬಂದಿದ್ದವರಿಗೆ ಪಾಠದ ಗುಂಪು ಹೆಚ್ಚು ನೆರವಾಗಿತ್ತು. ಹಾಗಾಗಿ ಹೊಸದಾಗಿ ಗೊತ್ತಾದವರಿಗೆ ತಡಮಾಡಬೇಡಿ ಎನ್ನುತ್ತೇನೆ.

ನಿಮ್ಮಂಥವರಿಗೆ ಬೇರೆ ಗುರಿ ಇಟ್ಟುಕೊಳ್ಳಬಹುದು. ಪದೇ ಪದೇ ಕಾಯಿಲೆ ಬಂದವರಲ್ಲಿ ಮೂಡ್ ಸರಿಯಾದ ಮೇಲೂ ನೆನಪು, ಗಮನ, ಕೆಲಸಗಳನ್ನು ಒಂದಾದ ಮೇಲೊಂದು ಜೋಡಿಸುವ ಶಕ್ತಿ ಕುಂದಿರಬಹುದು. ಇದಕ್ಕೆಂದೇ ರೂಪಿಸಿದ ಗುಂಪು ತರಬೇತಿಯಿದೆ. ಸ್ಪೇನ್‌ನಲ್ಲಿ 239 ಜನರ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ವಾರಕ್ಕೊಂದರಂತೆ 21 ಸೆಷನ್ ಮುಗಿಸಿದವರು ಮಾಮೂಲಿ ಚಿಕಿತ್ಸೆಯಷ್ಟೇ ಪಡೆದವರಿಗಿಂತ ದಿನನಿತ್ಯದ ಕೆಲಸಗಳಲ್ಲಿ ಸುಧಾರಿಸಿದ್ದರು. ಇನ್ನೊಂದು ಮಾತು: ಹೊಸದಾಗಿ ಬಂದ ಇಪ್ಪತ್ತರ ಹರೆಯದವರ ಪಕ್ಕ ಹದಿನೈದು ವರ್ಷ ದಾಟಿ ಬಂದ ನೀವು ಕೂತಿರುವುದೇ ಆ ಹುಡುಗನಿಗೆ ದೊಡ್ಡ ಔಷಧಿ.

“ಧ್ಯಾನದ ಗುಂಪು, ಸಿಬಿಟಿ ಗುಂಪು ಅಂತೆಲ್ಲ ಇವೆ. ಯಾವುದಕ್ಕೆ ಹೋಗಲಿ?”

ಮೊದಲು ಮನೋಶಿಕ್ಷಣ. ಆಮೇಲೆ ಉಳಿದಿರುವ ತೊಂದರೆ ಯಾವುದೋ ಅದಕ್ಕೆ ತಕ್ಕದ್ದು. ಆತಂಕ ಕಾಡುತ್ತಿದ್ದರೆ ಮೈಂಡ್‌ಫುಲ್‌ನೆಸ್ (ಈ ಕ್ಷಣಕ್ಕೆ ಗಮನ ಕೊಡುವ ಅಭ್ಯಾಸ) ಆಧಾರಿತ 8 ವಾರದ ಗುಂಪು ಕೆಲವರಿಗೆ ಒಗ್ಗುತ್ತದೆ. ತನ್ನನ್ನು ತಾನೇ ಹಳಿದುಕೊಳ್ಳುವ ಯೋಚನೆಗಳು ಬಿಡದಿದ್ದರೆ ಸಿಬಿಟಿ, ಅಂದರೆ ಯೋಚನೆ ಮತ್ತು ನಡವಳಿಕೆಯ ರೀತಿಯನ್ನು ತಿದ್ದಿಕೊಳ್ಳಲು ಕಲಿಸುವ ಚಿಕಿತ್ಸೆ. ದಿನಗಟ್ಟಲೆ ಮೌನವಾಗಿ ಕೂರಿಸುವ, ನಿದ್ದೆ ಕಡಿಮೆ ಮಾಡಿಸುವ ಧ್ಯಾನ ಶಿಬಿರಗಳಿಗೆ ಡಾಕ್ಟರನ್ನು ಕೇಳದೆ ಹೋಗಬೇಡಿ.

“ಗುಂಪು ಸರಿ ಇಲ್ಲ ಅಂತ ಹೇಗೆ ಗೊತ್ತಾಗುತ್ತೆ?”

ಮಾತ್ರೆ ಬಿಡಿಸುತ್ತೇವೆ ಎಂದರೆ ಎದ್ದು ಬನ್ನಿ. ಪೂರ್ತಿ ವಾಸಿ ಮಾಡುತ್ತೇವೆ ಎಂದು ಮಾತು ಕೊಟ್ಟರೂ ಅಷ್ಟೇ. ಅಳುವವರನ್ನು ಇನ್ನಷ್ಟು ಕೆದಕುವುದು, ಒಬ್ಬರೇ ಪ್ರತಿ ವಾರ ಮಾತಾಡಿ ಮುಗಿಸುವುದು, ಬರದಿದ್ದವರ ಬಗ್ಗೆ ಯಾರೂ ವಿಚಾರಿಸದಿರುವುದು ಇವೂ ಒಳ್ಳೆಯ ಲಕ್ಷಣಗಳಲ್ಲ. ನಡೆಸುವವರ ಓದು, ತರಬೇತಿ ಏನು ಎಂದು ಕೇಳಲು ಸಂಕೋಚ ಬೇಡ.

“ಇಪ್ಪತ್ತೊಂದು ವಾರ ಒಂದೂ ಬಿಡದೆ ಬಂದೆ. ಆದರೂ ಮತ್ತೆ ಬಂತು. ಎಲ್ಲಾ ವ್ಯರ್ಥವಾಯ್ತಲ್ಲ?”

ಈ ಪತ್ರ ಬರೆದವರಿಗೆ ನಾನು ಕೇಳಿದ್ದು ಮೂರೇ ಪ್ರಶ್ನೆ. ಈ ಸಲ ಗೊತ್ತಾಗಲು ಎಷ್ಟು ದಿನ ಹಿಡಿಯಿತು? ಆಸ್ಪತ್ರೆಯಲ್ಲಿ ಎಷ್ಟು ದಿನ? ಮನೆಯಲ್ಲಿ ಮುರಿದದ್ದೇನು? ಹಿಂದಿನ ಸಲ ಮನೆಯವರು ಪತ್ತೆ ಹಚ್ಚುವಷ್ಟರಲ್ಲಿ ಮೂರು ವಾರ ಕಳೆದು ಕೆಲಸವೂ ಹೋಗಿತ್ತಂತೆ. ಈ ಸಲ ನಾಲ್ಕನೆಯ ದಿನ ರಾತ್ರಿ, ಕಪಾಟಿನ ಮುಂದೆ ಬಟ್ಟೆ ಹರವಿಕೊಂಡು ಕೂತಿದ್ದಾಗ, ಅವರಿಗೇ ತಮ್ಮ ಹಾಳೆ ನೆನಪಾಗಿದೆ. ಬೆಳಿಗ್ಗೆ ತಾವೇ ಡಾಕ್ಟರಿಗೆ ಫೋನ್ ಮಾಡಿದ್ದಾರೆ. ಬ್ಯಾಂಕ್ ಕಾರ್ಡನ್ನು ಅಕ್ಕನ ಕೈಗೆ ಕೊಟ್ಟಿದ್ದಾರೆ. ಆಸ್ಪತ್ರೆಗೆ ಸೇರಬೇಕಾಗಿ ಬರಲಿಲ್ಲ. ಎರಡು ವಾರ ರಜೆ ಹಾಕಿ ಮತ್ತೆ ಕೆಲಸಕ್ಕೆ ಹೋಗಿದ್ದಾರೆ.

ಉತ್ತರವನ್ನು ಬರೆಯುತ್ತಾ ಬರೆಯುತ್ತಾ ಅವರಿಗೇ ಅದು ಕಂಡಿತು. ಹೊಸ ಗುಂಪು ಯಾವಾಗ ಶುರು, ತಾನು ಒಂದು ದಿನ ಬಂದು ಈ ನಾಲ್ಕನೆಯ ರಾತ್ರಿಯ ಬಗ್ಗೆ ಹೇಳಬಹುದಾ ಎಂದು ಕೊನೆಗೆ ಕೇಳಿದ್ದರು. ಬನ್ನಿ ಎಂದು ಬರೆದಿದ್ದೇನೆ.